ಕೈ ನಡುಗಬೇಕು, ಲೆಕ್ಕ ತಪ್ಪಬಾರದು

ಸಿರುಗುಪ್ಪದಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯನೊಬ್ಬನಿದ್ದಾನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಕ್ಯಾಮೆರಾ ಹಿಡಿದು ಇಪ್ಪತ್ತು ವರ್ಷವಾಯಿತು. ಲಗ್ನದ ದಿನಗಳಲ್ಲಿ ಅವನ ಮುಖ ಕಾಣುವುದಿಲ್ಲ. ಪುರುಸೊತ್ತು ಸಿಗುವುದೇನಿದ್ದರೂ ಆಷಾಢದಲ್ಲಿ. ಅಂಥ ಒಂದು ಆಷಾಢದ ರಾತ್ರಿ ಅವನ ಅಂಗಡಿಯ ಮಹಡಿ ಮೇಲೆ, ಮದುವೆಗಳ ಮಿಕ್ಸಿಂಗ್ ಮಾಡುವ ಕಂಪ್ಯೂಟರಿನಲ್ಲೇ, ಇಬ್ಬರೂ ‘6-5=2’ ನೋಡಲು ಕೂತೆವು. ನನಗೆ ಎರಡನೇ ಸಲ, ಅವನಿಗೆ ಮೊದಲು. ನಾನು ಹೆದರಿಕೆಗೆ ಕಾಯುತ್ತಿದ್ದೆ. ಅವನು ಹತ್ತು ನಿಮಿಷಕ್ಕೇ ಪರದೆಯತ್ತ ಬಾಗಿ, “ಅಣ್ಣಾ, ಈ ಕ್ಯಾಮೆರಾ ಹಿಡದಾವ ಭಾಳ ಕಸಬುದಾರ ಅದಾನ. ಕಸಬು ಬರಲ್ದಂಗ ಹಿಡದಾನ ನೋಡು” ಎಂದ.

ಈ ಬಗೆಯ ಸಿನಿಮಾದ ಮೇಲೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ವಿಷಯ ಮುಟ್ಟಿರಲಿಲ್ಲ.

‘6-5=2’ ತೆರೆಗೆ ಬಂದದ್ದು 2013ರ ನವೆಂಬರಿನಲ್ಲಿ. ಬರೆದು ನಿರ್ದೇಶಿಸಿದವರು ಕೆ.ಎಸ್. ಅಶೋಕ. ದರ್ಶನ್ ಅಪೂರ್ವ, ಕೃಷ್ಣಪ್ರಕಾಶ್, ವಿಜಯ್ ಚೆಂಡೂರ್, ಪಲ್ಲವಿ, ತನುಜಾ, ಮೃತ್ಯುಂಜಯ: ಆಗ ಪೋಸ್ಟರಿನ ಮೇಲೆ ಇವರಲ್ಲಿ ಯಾರ ಮುಖ ನೋಡಿಯೂ ಜನ ಟಿಕೆಟ್ ಕೊಳ್ಳುತ್ತಿರಲಿಲ್ಲ. ಆರು ಮಂದಿ ಗೆಳೆಯರು ಪಶ್ಚಿಮ ಘಟ್ಟಕ್ಕೆ ಚಾರಣ ಹೋಗುತ್ತಾರೆ, ಜೊತೆಗೊಂದು ಕ್ಯಾಮೆರಾ. ಹೋದವರಿಗೆ ಏನಾಯಿತೆಂದು ಹೇಳಲು ಉಳಿಯುವುದು ಅದರಲ್ಲಿ ಸಿಕ್ಕ ದೃಶ್ಯ. ನಾವು ನೋಡುವುದು ಅದನ್ನೇ ಎಂಬುದು ಸಿನಿಮಾದ ಕಟ್ಟು. ಇದಕ್ಕೆ ಫೌಂಡ್ ಫೂಟೇಜ್ ಎನ್ನುತ್ತಾರೆ. ಕನ್ನಡದಲ್ಲಿ ಈ ಬಗೆಗೆ ಮೊದಲ ಹೆಸರು ಇದೇ. ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ಇದೇ ಅಶೋಕ 2020ರಲ್ಲಿ ‘ದಿಯಾ’ ಮಾಡಿದರು. ಅದರಲ್ಲಿ ದೆವ್ವವಿಲ್ಲ, ಆದರೆ ನೋಡುಗನನ್ನು ನಿರಾಳವಾಗಿ ಕೂರಲು ಬಿಡದ ಬುದ್ಧಿ ಅದೇ.

ಮೊದಲ ಸಲ ನಾನಿದನ್ನು ನೋಡಿದ್ದು ಬಳ್ಳಾರಿಯ ಕೌಲ್ ಬಜಾರಿನ ಬಾಡಿಗೆ ರೂಮಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಹೆದರಿದೆ, ಮಲಗಿದೆ, ಮರೆತೆ. ಹೇಗೆ ಹೆದರಿಸಿದರು ಎಂಬ ಪ್ರಶ್ನೆ ಹುಟ್ಟಲು ಈ ಗೆಳೆಯನೇ ಬೇಕಾಯಿತು.

ಯಾರದೋ ಕಾಗದಪತ್ರ ಸಿಕ್ಕಿತೆಂದು ಹೇಳಿ ಭಯದ ಕಥೆ ಕಟ್ಟುವುದು ಹಳೆಯ ಉಪಾಯ. 1897ರ ‘ಡ್ರಾಕುಲಾ’ ಕಾದಂಬರಿಯೇ ದಿನಚರಿ, ಪತ್ರ, ಪತ್ರಿಕೆಯ ತುಣುಕು, ಫೋನೋಗ್ರಾಫಿನಲ್ಲಿ ತುಂಬಿಟ್ಟ ಮಾತುಗಳ ಕಂತೆ. ಸಿನಿಮಾದಲ್ಲಿ 1980ರಲ್ಲಿ ಇಟಲಿಯ ರುಜ್ಜೇರೊ ದೆಯೊದಾತೊ ‘ಕ್ಯಾನಿಬಲ್ ಹೋಲೊಕಾಸ್ಟ್’ ಮಾಡಿದಾಗ, ನಟರನ್ನು ನಿಜಕ್ಕೂ ಕೊಂದಿದ್ದಾನೆಂಬ ಆರೋಪ ಬಂದು, ಅವರು ಬದುಕಿದ್ದಾರೆಂದು ರುಜುವಾತು ಮಾಡಬೇಕಾಯಿತು. ಆದರೆ ಊರೂರಿನ ಹುಡುಗರಿಗೆ ‘ನಾವೂ ಮಾಡಬಹುದು’ ಎಂಬ ಧೈರ್ಯ ಕೊಟ್ಟದ್ದು 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಡೇನಿಯಲ್ ಮಿರಿಕ್, ಎಡ್ವಾರ್ಡೊ ಸಾಂಚೆಸ್ ಎಂಬಿಬ್ಬರು ಸುಮಾರು 60 ಸಾವಿರ ಡಾಲರಿನಲ್ಲಿ ಮುಗಿಸಿದ್ದು ಸುಮಾರು 24 ಕೋಟಿ 80 ಲಕ್ಷ ಡಾಲರ್ ಗಳಿಸಿತು. ಈ ಅಂಕಿಗಳನ್ನು ಗೆಳೆಯನಿಗೆ ಹೇಳಿದಾಗ ಅವನು ಒಂದು ಮದುವೆ ಆಲ್ಬಮ್ಮಿಗೆ ಇನ್ನೂ ಬರಬೇಕಾದ ಬಾಕಿಯನ್ನು ನೆನೆಸಿಕೊಂಡ.

ಈಗ ಆ ನಡುಗುವ ಕೈಗೆ ಬರೋಣ. ಹೊಸಬ ಕ್ಯಾಮೆರಾ ಹಿಡಿದರೆ ಏನೇನು ತಪ್ಪು ಮಾಡುತ್ತಾನೆಂಬುದಕ್ಕೆ ನನ್ನ ಗೆಳೆಯನಿಗಿಂತ ದೊಡ್ಡ ಪಂಡಿತನಿಲ್ಲ. ನೆಂಟರ ಪೈಕಿ ಯಾವನೋ ಹುಡುಗ ತೆಗೆದದ್ದನ್ನು ಮಿಕ್ಸಿಂಗಿಗೆ ತಂದುಕೊಡುತ್ತಾರೆ, ಇವನು ರಾತ್ರಿಯೆಲ್ಲ ಕೂತು ಅದರಲ್ಲಿ ಮದುವೆಯನ್ನು ಹುಡುಕಬೇಕು. ತಲೆ ಕತ್ತರಿಸುತ್ತಾರೆ. ಜೂಮ್ ಒತ್ತಿ ಹಿಡಿದು ಮರೆತುಬಿಡುತ್ತಾರೆ. ನಿಲ್ಲಿಸಿದೆವು ಅಂದುಕೊಂಡು ಜೋತುಬಿಟ್ಟು ನಡೆಯುತ್ತಾರೆ. ಐದು ನಿಮಿಷ ಬರೀ ಚಪ್ಪಲಿ, ಶಾಮಿಯಾನದ ಅಂಚು. ಯಾರಾದರೂ ಕರೆದರೆ ಕ್ಯಾಮೆರಾ ಸಮೇತ ತಿರುಗಿಬಿಡುತ್ತಾರೆ. ಈ ತಪ್ಪುಗಳೆಲ್ಲ ‘6-5=2’ರಂಥ ಚಿತ್ರದಲ್ಲೂ ಇರುತ್ತವೆ, ಆದರೆ ಒಂದು ವ್ಯತ್ಯಾಸದೊಡನೆ. ಅವನು ಒಂದು ಓಟದ ದೃಶ್ಯವನ್ನು ನಿಧಾನಗತಿಯಲ್ಲಿ ಓಡಿಸಿ ತೋರಿಸಿದ. ನೆಲ, ಎಲೆ, ಆಕಾಶ, ಯಾರದೋ ಬೆನ್ನು, ಎಲ್ಲ ಕಲಸುಮೇಲೋಗರ. ಆದರೆ ಆ ಕಲಸುವಿಕೆಯ ನಡುವೆ ಅರ್ಧ ಸೆಕೆಂಡು ಕ್ಯಾಮೆರಾ ನೆಟ್ಟಗೆ ನಿಲ್ಲುತ್ತದೆ. ಕಥೆಗೆ ಬೇಕಾದದ್ದು ಆ ಅರ್ಧ ಸೆಕೆಂಡಿನಲ್ಲಿದೆ. ಮತ್ತೆ ಕಲಸಿಹೋಗುತ್ತದೆ. ನೋಡುವವನು ‘ನಾನೇ ಕಂಡುಹಿಡಿದೆ’ ಅಂದುಕೊಳ್ಳುತ್ತಾನೆ. ನಿಜಕ್ಕೆ ಅವನ ಕಣ್ಣನ್ನು ಕಿವಿ ಹಿಡಿದಂತೆ ಹಿಡಿದು ಅಲ್ಲಿಗೆ ತಂದು ನಿಲ್ಲಿಸಿರುತ್ತಾರೆ. ಮಾಮೂಲಿ ಸಿನಿಮಾದಲ್ಲಿ ಇಂಥದ್ದನ್ನು ಕ್ಲೋಸಪ್ಪಿನಲ್ಲಿ ತೋರಿಸಿ, ಮೇಲೆ ‘ಢಂ’ ಎನಿಸಿದರೆ ಕೆಲಸ ಮುಗಿಯಿತು. ಇಲ್ಲಿ ತೋರಿಸಲೂ ಬೇಕು, ತೋರಿಸಿದೆವೆಂಬ ಗುರುತೂ ಉಳಿಯಬಾರದು.

ಬೆಳಕಿನದು ಇನ್ನೊಂದು ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲು. ಬಿಳಿ ಪಂಚೆ ಬೆಳಗಿ ವಧುವಿನ ಮುಖ ಕಪ್ಪಾಗಬಾರದೆಂದು ಮದುವೆ ವಿಡಿಯೋದವರು ಇದರೊಡನೆ ಹೊಡೆದಾಡುತ್ತಾರೆ, ಲೈಟ್ ಹಿಡಿಯುವ ಹುಡುಗನನ್ನು ಬೈಯುತ್ತಾರೆ. ಭಯದ ಸಿನಿಮಾದವನು ಇದನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಕ್ಯಾಮೆರಾದ ಮೇಲಿನ ಪುಟ್ಟ ದೀಪ ಎರಡು ಮಾರು ಬೆಳಗುತ್ತದೆ, ಅದರಾಚೆ ಕಾಡೂ ಇಲ್ಲ, ಸೆಟ್ಟೂ ಇಲ್ಲ, ಖರ್ಚೂ ಇಲ್ಲ. ಬರೀ ಕಪ್ಪು. ಕತ್ತಲಿನಷ್ಟು ಅಗ್ಗದ ಸೆಟ್ ಮತ್ತೊಂದಿಲ್ಲ. ಆದರೆ ಅಗ್ಗದ್ದೆಂದು ಸುಮ್ಮನೆ ಸುರಿದರೆ ಜನಕ್ಕೆ ನಿದ್ದೆ ಬರುತ್ತದೆ. ಆ ಎರಡು ಮಾರಿನೊಳಗೆ ಏನೋ ಒಂದು ಗುರುತಿನ ವಸ್ತು ಇರಬೇಕು: ಒಂದು ಮರದ ಬೊಡ್ಡೆ, ಟೆಂಟಿನ ಹಗ್ಗ, ಗೆಳೆಯನ ಷರ್ಟು. ಗುರುತಿನ ವಸ್ತುವಿದ್ದರೇ ಅದರ ಹಿಂದಿನ ಕತ್ತಲಿಗೆ ಆಳ ಬರುವುದು.

ಕತ್ತಲಲ್ಲಿ ಆಟೋ ಫೋಕಸ್ ತಬ್ಬಿಬ್ಬಾಗುತ್ತದೆ. ಚಿತ್ರ ಮಸುಕಾಗುತ್ತದೆ, ಸ್ಪಷ್ಟವಾಗುತ್ತದೆ, ಮತ್ತೆ ಮಸುಕಾಗುತ್ತದೆ. ಯಂತ್ರ ಉಸಿರಾಡಿದಂತೆ. ಗೆಳೆಯ ಇದನ್ನು ತೋರಿಸಿದಾಗ ನನಗೆ ನೆನಪಾದದ್ದು ತೊಗಲುಗೊಂಬೆ ಆಟ. ಬಳ್ಳಾರಿ ಸೀಮೆಯವರಿಗೆ ಅದನ್ನು ವಿವರಿಸಬೇಕಿಲ್ಲ. ನಮ್ಮ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಆ ಪರದೆಯನ್ನು ಬದುಕಿಸಿಟ್ಟಿದ್ದರು, ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನಲ್ಲಿ ಕತ್ತರಿಸಿ ಆಡಿಸಿದರು. ಗೊಂಬೆಯನ್ನು ಪರದೆಗೆ ಒತ್ತಿದರೆ ಗೆರೆಗೆರೆ ಕಾಣುತ್ತದೆ, ದೀಪದತ್ತ ಹಿಂದಕ್ಕೆಳೆದರೆ ದೊಡ್ಡದಾಗಿ ಮಸುಕಾಗುತ್ತದೆ. ರಾಕ್ಷಸನನ್ನು ತರುವಾಗ ಮೊದಲು ಆ ಮಸುಕು, ನಡುಗುವ ಆಕಾರ. ಏನೋ ಬರುತ್ತಿದೆ, ಯಾರೆಂದು ತಿಳಿಯದು. ಆಮೇಲೆ ಥಟ್ಟನೆ ಪರದೆಗೆ ಬಂದು ಹಲ್ಲು ಕಾಣುತ್ತದೆ. ಹುಡುಗನಾಗಿದ್ದಾಗ ನಾನು ಅಜ್ಜಿಯ ಸೆರಗು ಹಿಡಿದದ್ದು ಹಲ್ಲು ಕಂಡಾಗ ಅಲ್ಲ, ಅದಕ್ಕೆ ಮುಂಚಿನ ಮಸುಕಿಗೆ. ಜಪಾನಿನ ಕಾರ್ಖಾನೆಯಲ್ಲಿ ಹುಟ್ಟಿದ ಆಟೋ ಫೋಕಸ್ಸಿನ ದೋಷವೊಂದು ತೊಗಲುಗೊಂಬೆಯವರ ಅದೇ ಚಾತುರ್ಯವನ್ನು ತಾನಾಗಿ ಮಾಡುತ್ತದೆ. ಮಾಡಲು ಬಿಡುವುದು, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುವುದು, ಇಷ್ಟೇ ನಿರ್ದೇಶಕನ ಪಾಲಿನ ಕೆಲಸ.

ಶಬ್ದದ ಮಾತು ಇದಕ್ಕಿಂತ ದೊಡ್ಡದು. ಸಿಕ್ಕಿದ ದೃಶ್ಯ ಎಂದ ಮೇಲೆ ಹಿನ್ನೆಲೆಯಲ್ಲಿ ಪಿಟೀಲು ಬಾರಿಸುವಂತಿಲ್ಲ. ಕಾಡಿನಲ್ಲಿ ವಾದ್ಯಗೋಷ್ಠಿಯವರು ಎಲ್ಲಿಂದ ಬಂದರು ಎಂದು ಕೇಳುತ್ತಾರೆ. ಹೀಗಾಗಿ ಸಂಗೀತ ಮಾಡಬೇಕಾದ ಕೆಲಸವೆಲ್ಲ ಉಸಿರಿಗೆ, ಒಣ ಎಲೆಗೆ, ಜಿಪ್ ಎಳೆಯುವ ಸದ್ದಿಗೆ, ಕ್ಯಾಮೆರಾಕ್ಕೇ ಅಂಟಿದ ಮೈಕಿನ ಗೊರಗೊರಕ್ಕೆ ಬೀಳುತ್ತದೆ. ಚೌಕಟ್ಟು ಕಣ್ಣಿಗೆ ಬೇಲಿ ಹಾಕುತ್ತದೆ. ಕಿವಿಗೆ ಬೇಲಿಯಿಲ್ಲ, ನಾಲ್ಕೂ ದಿಕ್ಕಿನಿಂದ ಕೇಳುತ್ತದೆ. ಕಾಣದ ಕಡೆಯಿಂದ ಕೇಳಿದ್ದಕ್ಕೆ ರೂಪ ಕೊಡುವವರು ನಾವು, ಪ್ರತಿಯೊಬ್ಬರೂ ಅವರವರ ಮನೆಯ ದೆವ್ವವನ್ನೇ ಕೂರಿಸಿಕೊಳ್ಳುತ್ತೇವೆ. ಒಂದು ಕಾಲಕ್ಕೆ ನಮ್ಮ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ದೆವ್ವಕ್ಕೂ ಮುಖವಿರಲಿಲ್ಲ. ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಎಂಬುದಷ್ಟೇ ಕಥೆ. ಬರೀ ಒಂದು ದನಿಗೆ ಊರೂರೇ ಸುಣ್ಣ, ಇದ್ದಲು ಹಿಡಿದು ಬಾಗಿಲಿಗೆ ಬರೆಯಿತು. 2018ರ ಹಿಂದಿ ‘ಸ್ತ್ರೀ’ ಚಿತ್ರ ಇದನ್ನೇ ಎತ್ತಿಕೊಂಡು ದುಡ್ಡು ಮಾಡಿತು, ನಾವು ಬಾಗಿಲಿಗೆ ಪೇಂಟ್ ಹೊಡೆಸಿ ಅಳಿಸಿಬಿಟ್ಟಿದ್ದೆವು.

‘ಬ್ಲೇರ್ ವಿಚ್’ ತಯಾರಾದ ಬಗೆ ಕೇಳಿದರೆ ಶಬ್ದಕ್ಕೆ ಅವರು ಕೊಟ್ಟ ಮರ್ಯಾದೆ ತಿಳಿಯುತ್ತದೆ. 1997ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡ್ ಕಾಡಿನಲ್ಲಿ ಎಂಟು ದಿನ ಚಿತ್ರೀಕರಣ. ಹೆದರ್ ಡೊನಹ್ಯೂ, ಜೋಶುವಾ ಲಿಯೊನಾರ್ಡ್, ಮೈಕಲ್ ವಿಲಿಯಮ್ಸ್ ಮೂವರೂ ತಮ್ಮ ಸ್ವಂತ ಹೆಸರಿನಲ್ಲೇ ನಟಿಸಿದರು, ಕ್ಯಾಮೆರಾ ಹಿಡಿದವರೂ ಅವರೇ. ಬರೆದಿಟ್ಟ ಸಂಭಾಷಣೆ ಇಲ್ಲ; ಪ್ರತಿದಿನ ಕಾಡಿನ ಒಂದು ಜಾಗದಲ್ಲಿ ಡಬ್ಬಿಯಲ್ಲಿ ಚೀಟಿ, ಅವರವರ ಚೀಟಿ ಅವರವರಿಗೆ. ದಿನ ಕಳೆದಂತೆ ತಿನ್ನಲು ಕೊಡುವುದನ್ನೂ ಕಡಿಮೆ ಮಾಡಿದರು. ರಾತ್ರಿ ಟೆಂಟಿನ ಹೊರಗೆ ಮಕ್ಕಳ ದನಿಯ ಟೇಪು ಹಾಕಿ, ಟೆಂಟನ್ನು ಹಿಡಿದು ಅಲ್ಲಾಡಿಸಿದವರು ನಿರ್ದೇಶಕರೇ. ತೆರೆಯ ಮೇಲಿನ ಹಸಿವೆ, ಸಿಡುಕು, ನಿದ್ದೆಗೆಟ್ಟ ಕಣ್ಣು ಎಲ್ಲ ನಿಜದ್ದು. ನಟರನ್ನು ಹೀಗೆ ಗೋಳಾಡಿಸುವುದು ನನಗೆ ಹಿಡಿಸುವುದಿಲ್ಲ. ಆದರೆ ಆಮೇಲೆ ತಿಂಗಳುಗಟ್ಟಲೆ ಕೂತು ಆ ಗಂಟೆಗಟ್ಟಲೆ ದೃಶ್ಯದಿಂದ ಎಂಬತ್ತು ನಿಮಿಷ ಆರಿಸಿದ್ದನ್ನು ಮೆಚ್ಚದೆ ಇರಲಾರೆ.

ಅದರ ಕೊನೆಯನ್ನು ಹೇಳಿಬಿಡುತ್ತೇನೆ, ಕಾಲು ಶತಮಾನ ದಾಟಿದ ಗುಟ್ಟು ಗುಟ್ಟಲ್ಲ. ಪಾಳುಮನೆಯ ನೆಲಮಾಳಿಗೆ, ಒಬ್ಬ ಗೋಡೆಯ ಮೂಲೆಗೆ ಮುಖಮಾಡಿ ಸುಮ್ಮನೆ ನಿಂತಿದ್ದಾನೆ, ಕ್ಯಾಮೆರಾ ಬೀಳುತ್ತದೆ. ಇಷ್ಟೆ. ರಕ್ತವಿಲ್ಲ, ಮಾಟಗಾತಿ ಇಲ್ಲ. ಮೈ ಜುಮ್ಮೆನ್ನಲು ಕಾರಣ, ಆರಂಭದಲ್ಲಿ ಊರಿನವರೊಬ್ಬರು ಮಾತಿನ ಭರದಲ್ಲಿ ಹೇಳಿಹೋದ ಸಂಗತಿ: ಹಿಂದೆ ಇಲ್ಲಿ ಮಕ್ಕಳನ್ನು ಕೊಂದವನು ಒಂದನ್ನು ಕೊಲ್ಲುವಾಗ ಇನ್ನೊಂದನ್ನು ಮೂಲೆಗೆ ಮುಖಮಾಡಿ ನಿಲ್ಲಿಸುತ್ತಿದ್ದನಂತೆ. ನೋಡುಗ ಅದನ್ನು ಕೇಳಿ ಮರೆತಿರುತ್ತಾನೆ. ಬೀಜ ಬಿತ್ತಿ ಒಂದು ಗಂಟೆ ನೀರು ಹಾಯಿಸದೆ ಬಿಟ್ಟು, ಕೊನೆಯ ನಿಮಿಷದಲ್ಲಿ ಒಮ್ಮೆಲೇ ಕೊಯ್ಯುವ ಬೇಸಾಯ ಇದು. ‘6-5=2’ರ ಮೊದಲ ಭಾಗದ ಹರಟೆ, ಚೇಷ್ಟೆ, ಕಾಲೆಳೆತಗಳನ್ನು ‘ಎಳೆದಾಡಿದ್ದಾರೆ’ ಎಂದು ಬೈದವರಿದ್ದಾರೆ. ಎರಡನೇ ಸಲ ನೋಡಿದಾಗ ನನಗೆ ಹಾಗನ್ನಿಸಲಿಲ್ಲ. ಆರು ಜನ ನಮಗೆ ಪರಿಚಯದವರಾಗದೆ ಹೋದರೆ, ಒಬ್ಬೊಬ್ಬರೇ ಕಡಿಮೆಯಾದಾಗ ಎಣಿಸುವವರು ಯಾರು?

ಕಾಯಿಸುವುದರಲ್ಲಿ ಎಲ್ಲರನ್ನೂ ಮೀರಿಸಿದವನು ಓರೆನ್ ಪೆಲಿ. ತನ್ನ ಸ್ವಂತ ಮನೆಯಲ್ಲೇ, ಸುಮಾರು 15 ಸಾವಿರ ಡಾಲರಿನಲ್ಲಿ, ಒಂದು ವಾರದಲ್ಲಿ 2007ರ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ತೆಗೆದ. ಅವನು ಕೈನಡುಕವನ್ನೂ ಬಿಟ್ಟ. ಮಲಗುವ ಕೋಣೆಯಲ್ಲಿ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಒಂದು ಪ್ರೇಮಿಗಳ ಜೋಡಿಯನ್ನು ಮಲಗಿಸಿದ. ಚೌಕಟ್ಟಿನ ಒಂದು ಬದಿಗೆ ತೆರೆದ ಬಾಗಿಲು, ಅದರಾಚೆ ಕತ್ತಲ ಹಜಾರ. ಮೂಲೆಯಲ್ಲಿ ಗಡಿಯಾರದ ಅಂಕಿ ಸರಸರ ಓಡುತ್ತದೆ. ಅದು ಇದ್ದಕ್ಕಿದ್ದಂತೆ ಮಾಮೂಲಿ ವೇಗಕ್ಕೆ ಇಳಿದರೆ, ಇನ್ನೇನೋ ಆಗುತ್ತದೆ. ಎರಡು ಸಲ ಹೀಗಾದ ಮೇಲೆ ನೋಡುಗರು ಅಂಕಿಯ ಓಟ ನಿಧಾನವಾದೊಡನೆ ತಾವಾಗಿಯೇ ಉಸಿರು ಹಿಡಿಯುತ್ತಾರೆ. ಒಂದು ರಾತ್ರಿ ಹುಡುಗಿ ಎದ್ದು ಮಂಚದ ಪಕ್ಕ ನಿಂತು ಹುಡುಗನನ್ನೇ ನೋಡುತ್ತಾಳೆ, ಗಂಟೆಗಟ್ಟಲೆ. ಅಂಕಿ ಓಡುತ್ತದೆ, ಆಕೆ ತೂಗುತ್ತ ನಿಂತೇ ಇದ್ದಾಳೆ. ಒಂದು ಪೈಸೆ ಖರ್ಚಿಲ್ಲದ ದೃಶ್ಯ.

ಗೆಳೆಯ ಎರಡು ತಕರಾರು ತೆಗೆದ, ಎರಡೂ ನ್ಯಾಯವಾದವು. ಒಂದು, “ಜೀವಕ್ಕ ಬಂದಾಗ ಯಾವ ಮಬ್ಬ ಕ್ಯಾಮೆರಾ ಹಿಡ್ಕಂಡು ಓಡ್ತಾನ? ಒಗದು ಓಡ್ತಾನಪ್ಪ!” ಈ ಬಗೆಯ ಪ್ರತಿ ಸಿನಿಮಾಕ್ಕೂ ಇದೇ ಗಂಟಲಲ್ಲಿ ಸಿಕ್ಕ ಮುಳ್ಳು. ಸುಲಭದ ಉತ್ತರ, ಕತ್ತಲಲ್ಲಿ ಕ್ಯಾಮೆರಾದ ದೀಪವೇ ಬ್ಯಾಟರಿ ಎಂಬುದು. ಇದಕ್ಕಿಂತ ಒಳ್ಳೆಯ ಉತ್ತರವನ್ನು ‘ಬ್ಲೇರ್ ವಿಚ್’ನ ಹುಡುಗನೊಬ್ಬ ಕೊಡುತ್ತಾನೆ: ಇದರೊಳಗಿಂದ ನೋಡಿದರೆ ಕಣ್ಣೆದುರಿನದು ಅಷ್ಟು ನಿಜ ಅನ್ನಿಸುವುದಿಲ್ಲ, ಅದಕ್ಕೇ ನೀನು ಇದನ್ನು ಬಿಡುತ್ತಿಲ್ಲ ಎನ್ನುವ ಅರ್ಥದ ಮಾತಾಡುತ್ತಾನೆ. ಇದನ್ನು ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ಧಾರೆ ಹೊತ್ತಿಗೆ ಕುಸಿದುಬಿದ್ದಾಗ ತಾನು ರೆಕಾರ್ಡ್ ನಿಲ್ಲಿಸದೆ ನಿಂತಿದ್ದೆನೆಂದೂ, ಆತ ಎದ್ದು ನೀರು ಕುಡಿದ ಮೇಲಷ್ಟೇ ತನ್ನ ಕಾಲು ನಡುಗಿತೆಂದೂ ಹೇಳಿದ.

ಎರಡನೆಯ ತಕರಾರು, “ಎಲ್ಲರೂ ಹೋದಮ್ಯಾಗ ಇದರ ಮಿಕ್ಸಿಂಗ್ ಮಾಡಿದಾರು ಯಾರು?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಕ್ಕ ದೃಶ್ಯವನ್ನು ಯಾರೋ ಜೋಡಿಸಿದ್ದಾರೆ ಎಂದು ಒಪ್ಪಿಕೊಂಡು ಕೂರಬೇಕು, ಬಯಲಾಟದಲ್ಲಿ ಸಾರಥಿ ಬಂದು ‘ಇದು ದ್ವಾರಕೆ’ ಎಂದರೆ ಒಪ್ಪುವ ಹಾಗೆ.

ಕಾಡಿಲ್ಲದ ನಮ್ಮ ಬಯಲುಸೀಮೆಯಲ್ಲಿ ಇಂಥದ್ದು ತೆಗೆಯಲಾದೀತೆ ಎಂಬ ಪ್ರಶ್ನೆ ನನ್ನ ಅಣ್ಣನ ಮಕ್ಕಳಿಗೂ ಬಂದಿತ್ತು. ಕುರುಗೋಡಿನ ಗುಡ್ಡ ಹತ್ತಿದರು. ಸಿಂದರು ಆಳಿದ ಊರು. ಕೆಳಗೆ ದೊಡ್ಡ ಬಸವೇಶ್ವರ, ಮೇಲೆ ಕೋಟೆಯ ಗೋಡೆ, ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು. ಬಂಡೆಗಳ ಸಂದಿಯಲ್ಲಿ ಹಗಲಲ್ಲೂ ಕತ್ತಲು. ಜಾಗ ಚೆನ್ನಾಗಿತ್ತು, ಸಿನಿಮಾ ಚೆನ್ನಾಗಿರಲಿಲ್ಲ. ಎರಡನೇ ನಿಮಿಷಕ್ಕೇ ಅತ್ತಿಗೆಯ ಬಿಳಿ ಸೀರೆ ಉಟ್ಟ ದೆವ್ವ ಬಂದು ಫೋನಿನ ಎದುರೇ ನಿಂತಿತು. ಮನೆಮಂದಿಯೆಲ್ಲ ಬಿದ್ದುಬಿದ್ದು ನಕ್ಕರು. ಸಿರುಗುಪ್ಪದ ಗೆಳೆಯನಿಗೆ ಕಳಿಸಿದೆ. ಅವನ ಸಲಹೆ ಇಷ್ಟೇ: ಸೀರೆ ಬೇಡ, ಸೀರೆಯ ಸದ್ದು ಸಾಕು, ಹುಡುಗರು ಫೋನನ್ನು ಎತ್ತ ತಿರುಗಿಸಬೇಕೋ ಅತ್ತ ತಿರುಗಿಸದೆ ಒಂದು ಉಸಿರು ತಡಮಾಡಲಿ.

ನನ್ನನ್ನು ಕೇಳಿದ್ದರೆ ಅವರನ್ನು ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲಿನ ಗುಡ್ಡಕ್ಕೆ ಕಳಿಸುತ್ತಿದ್ದೆ. ಅಲ್ಲಿ ನವಶಿಲಾಯುಗದವರ ನೆಲೆಯಿದೆ, ಕಪ್ಪು ಡೋಲರೈಟ್ ಬಂಡೆಗಳಿವೆ. ಕೆಲವು ಬಂಡೆಗಳ ಮೇಲೆ ಹಿಂದಿನವರು ಬಡಿದು ಬಡಿದು ಮಾಡಿದ ಗುಳಿಗಳು. ಕಲ್ಲಿನಿಂದ ತಟ್ಟಿದರೆ ಈಗಲೂ ಗಂಟೆಯಂತೆ ದನಿ ಕೊಡುತ್ತವೆ. ಮೂರ್ನಾಲ್ಕು ಹುಡುಗರು ಫೋನಿನ ಬೆಳಕಿನಲ್ಲಿ ಕೂತು ಹರಟುತ್ತಿದ್ದಾರೆ, ಚೌಕಟ್ಟಿನೊಳಗೆ ಎಲ್ಲರೂ ಇದ್ದಾರೆ, ಎಲ್ಲರ ಕೈಯೂ ಕಾಣುತ್ತಿದೆ. ಆಗ ಮೇಲಿನ ಕತ್ತಲಲ್ಲಿ ಆ ಕಲ್ಲು ಒಂದು ಸಲ ‘ಠಣ್’ ಎಂದರೆ ಸಾಕು. ಬೇರೆ ಯಾವ ಸ್ಟುಡಿಯೋದಲ್ಲೂ ಸಿಗದ ಶಬ್ದ ಅದು. ಹಾಗೆಂದು ಹುಡುಗರು ಆ ಗುಳಿಗಳನ್ನು ಬಡಿದು ಸವೆಸುವುದು ಬೇಡ, ದೂರದಿಂದ ಇನ್ನೊಂದು ಕಲ್ಲು ತಟ್ಟಿ ಮೋಸ ಮಾಡಿದರೂ ನಡೆದೀತು. ಸಿರುಗುಪ್ಪದ್ದೇ ಬೇಕೆಂದರೆ, ರಾತ್ರಿ ನೀರು ಕಟ್ಟಲು ಹೋದ ಒಬ್ಬನ ಹಣೆಗೆ ಕ್ಯಾಮೆರಾ. ಭತ್ತದ ಗದ್ದೆಯಲ್ಲಿ ಸಾವಿರ ಕಪ್ಪೆಗಳ ಗದ್ದಲ. ಇದ್ದಕ್ಕಿದ್ದಂತೆ ಅಷ್ಟೂ ಕಪ್ಪೆಗಳು ಬಾಯಿ ಮುಚ್ಚುವುದು. ರಾತ್ರಿ ಗದ್ದೆಗೆ ಹೋದ ಯಾರನ್ನಾದರೂ ಕೇಳಿ, ಆ ಮೌನಕ್ಕೆ ಹೆದರದವರಿಲ್ಲ.

ಅಂದು ಸಿನಿಮಾ ಮುಗಿದಾಗ ಹನ್ನೆರಡೂವರೆ. ಹೆಸರಿನ ಲೆಕ್ಕ ನನ್ನನ್ನು ಮೊದಲಿನಿಂದ ಕಾಡಿದ್ದು. ಆರರಲ್ಲಿ ಐದು ಕಳೆದರೆ ಒಂದು, ಎರಡು ಹೇಗಾಯಿತು? ಸಿನಿಮಾ ನೋಡಿದವರು ತಮ್ಮ ತಮ್ಮ ಉತ್ತರ ಹೇಳುತ್ತಾರೆ, ನೋಡದವರ ಸುಖವನ್ನು ನಾನಿಲ್ಲಿ ಕೆಡಿಸಲಾರೆ. ಗೆಳೆಯನನ್ನು ಕೇಳಿದೆ. ಅವನು ಆಗಲೇ ಇನ್ನೊಂದು ಫೈಲ್ ತೆರೆದು, ಯಾರದೋ ಅರಿಸಿನದ ಶಾಸ್ತ್ರವನ್ನು ಕತ್ತರಿಸಲು ಶುರುಮಾಡಿದ್ದ.

“ಉಳದಾವ ಒಬ್ಬ, ಹಿಡದಾವ ಒಬ್ಬ. ಎರಡಾತಲ್ಲ” ಎಂದ ಪರದೆಯಿಂದ ಕಣ್ಣು ಕೀಳದೆ. “ಕ್ಯಾಮೆರಾದಾವನ್ನ ಯಾರೂ ಎಣಸಂಗಿಲ್ಲಣ್ಣ. ಇಪ್ಪತ್ತು ವರ್ಷ ಆತು, ಎಷ್ಟು ಮದುವಿ ಮಾಡೀನಿ. ಒಂದರಾಗೂ ನಾ ಇಲ್ಲ.”

ಅರಿಸಿನ ಹಚ್ಚುವ ಹೆಂಗಸರು ಅವನತ್ತ, ಅಂದರೆ ನಮ್ಮತ್ತ, ನೋಡಿ ನಗುತ್ತಿದ್ದರು. ಹಿಂದೆ ಬಾಗಿಲು ತೆರೆದಿತ್ತು. ಅವನು ಬಾಣವನ್ನು ಅಲ್ಲಿಗೆ ಒಯ್ದು, ಎರಡು ಸೆಕೆಂಡು ಕತ್ತರಿಸಿ ತೆಗೆದ.